ಕಾಕಾನ ಜಾಕೀಟಿಗೆ ನಾನು ಮಾಡಿದ ಓವರ್‌ಹಾಲ್

ಮೊನ್ನೆ ನನ್ನ ಮಗಳು ತನ್ನ ಫೋನನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, "ಬಾಬಾ, ಹೇ ಬಘಾ, ಕಿತೀ ಮಸ್ತ್ ಅದ!" ಎಂದಳು. ನಾಸಿಕದಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವಳ ಒಂದು ವಾಕ್ಯದಲ್ಲಿ ಕನ್ನಡಕ್ಕೆ ಒಂದೇ ಕುರ್ಚಿ, ಅದೂ ಕೊನೆಯದು. ಫೋನಿನಲ್ಲಿ ಒಂದು ಚರ್ಮದ ಜಾಕೀಟಿನ ಚಿತ್ರವಿತ್ತು. ಹೊಚ್ಚ ಹೊಸದಂತೆ. ಆದರೆ ಮೊಣಕೈ ಸವೆದಿದೆ, ಕಾಲರಿನ ಬಣ್ಣ ಹಾರಿದೆ, ಎಡತೋಳಿನ ಮೇಲೆ ಎಣ್ಣೆ ಚೆಲ್ಲಿದಂಥ ಕಲೆ. ಹಳೆಯ ಕಾಲದ ಮಿಲಿಟರಿ ಜಾಕೀಟಿನ ಹಾಗೆ ಕಾಣಲಿ ಎಂದು ಕಾರ್ಖಾನೆಯಲ್ಲೇ ಉಜ್ಜಿ, ಸವೆಸಿ, ಕಲೆ ಮಾಡಿ ಕಳಿಸುತ್ತಾರಂತೆ. ಪಕ್ಕದಲ್ಲಿ ಕಲೆ ಇಲ್ಲದ ಇನ್ನೊಂದು ಇತ್ತು. ಕಲೆ ಇದ್ದದ್ದಕ್ಕೇ ಬೆಲೆ ಹೆಚ್ಚು!

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ನೀವು ನಗಬಹುದು. ಆದರೆ ಇಂಥದೇ ಒಂದು ಕಲೆಯನ್ನು, ಅದೂ ಅಪ್ಪಟ ಅಸಲಿ ಕಲೆಯನ್ನು, ಒಂದು ರವಿವಾರ ಬೆಳಗ್ಗೆಲ್ಲ ಚಕ್ಕಳಮಕ್ಕಳ ಹಾಕಿಕೊಂಡು ಕೂತು, ಸೀಮೆಎಣ್ಣೆ ಹಚ್ಚಿ ತಿಕ್ಕಿ ತಿಕ್ಕಿ ತೆಗೆದವನು ನಾನು. ತೆಗೆದ ಮೇಲೆ ಮೀಸೆ ಬೇರೆ ತಿರುವಿದವನು. ಅಂದು ಆದ ಆಘಾತದಿಂದ ನಾನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ ಎಂದು ಮಗಳಿಗೆ ಹೇಗೆ ಹೇಳಲಿ? ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಆ ಜಾಕೀಟು ನನ್ನ ಕಾಕಾನದು. ಎಂದರೆ ನನ್ನ ಅಪ್ಪನ ತಮ್ಮ, ಏರ್‌ಫೋರ್ಸಿನಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರು. ನಾವು ಧಾರವಾಡದಲ್ಲಿ ಚಿಕ್ಕವರಿದ್ದಾಗ ಅವರು ರಜೆಯ ಮೇಲೆ ಬರುವುದೆಂದರೆ ಮನೆಗೆ ಜಾಕೀಟು ಬರುವುದು. ಕಾಕಾ ಅದರ ಒಳಗೆ ಇರುತ್ತಿದ್ದರು, ಅಷ್ಟೆ. ಕಂದು ಬಣ್ಣದ ದಪ್ಪ ಚರ್ಮ, ಎಮ್ಮೆಯ ಕಿವಿಯಷ್ಟು ದೊಡ್ಡ ಕಾಲರು, ಮುಂದೆ ಗರಗಸದ ಹಲ್ಲಿನಂಥ ಹಿತ್ತಾಳೆಯ ಚೈನು. ಊಟವಾದ ಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ತೋಳು ಹಾಕಿಕೊಳ್ಳಲು ಅಪ್ಪಣೆ ಕೊಡುತ್ತಿದ್ದರು. ಎರಡೂ ತೋಳು ಹಾಕಿಕೊಳ್ಳಲು ಪರೀಕ್ಷೆಯಲ್ಲಿ ಮೊದಲನೇ ನಂಬರು ಬರಬೇಕು. ನಾನು ಎಸ್ಸೆಸ್ಸೆಲ್ಸಿಯವರೆಗೂ ಒಂದೇ ತೋಳಿನ ಮನುಷ್ಯನಾಗಿ ಉಳಿದೆ. ಆ ತೋಳಿನ ಒಳಗೆ ನುಸಿಗುಳಿಗೆ, ಕೊಬ್ಬರಿ ಎಣ್ಣೆ ಮತ್ತು ನಮಗಾರಿಗೂ ಹೆಸರು ಗೊತ್ತಿಲ್ಲದ ಇನ್ನೊಂದು ವಾಸನೆ ಸೇರಿಕೊಂಡಿದ್ದವು. ಆ ಮೂರನೆಯದು ಆಕಾಶದ ವಾಸನೆ ಎಂದು ನನ್ನ ತಂಗಿ ನಂಬಿದ್ದಳು.

ಜಾಕೀಟಿಗೆ ಒಂದು ಕಥೆಯೂ ಇತ್ತು. ಉತ್ತರದ ಯಾವುದೋ ವಿಮಾನ ನೆಲೆ. ಚಳಿಗಾಲದ ಮುಂಜಾನೆ, ಬಕೀಟಿನ ನೀರು ಕಲ್ಲಾಗಿದೆ. ಕೈಗವಸು ಹಾಕಿಕೊಂಡರೆ ಸಣ್ಣ ತಂತಿ ಬಿಗಿಯಲು ಬರುವುದಿಲ್ಲ ಎಂದು ಕಾಕಾ ಬರಿಗೈಯಲ್ಲಿ ಎಂಜಿನ್ನು ಸರಿಮಾಡುತ್ತಿದ್ದಾರೆ. ಹಾರಾಟಕ್ಕೆ ಬಂದ ಪೈಲಟ್ ಮಲ್ಹೋತ್ರಾ ಸಾಹೇಬರು ನೋಡುತ್ತಾರೆ: ಹುಡುಗನ ಕೈ ನೀಲಿಯಾಗಿದೆ. ತಕ್ಷಣ ತಮ್ಮ ಮೈಮೇಲಿನ ಜಾಕೀಟು ಕಳಚಿ ಅವರ ಹೆಗಲಿಗೆ ಹಾಕಿ, "ನನ್ನ ಜೀವ ನಿನ್ನ ಕೈಯಲ್ಲಿದೆ, ಮೊದಲು ಆ ಕೈ ಬೆಚ್ಚಗಿರಲಿ" ಎನ್ನುತ್ತಾರೆ. ಇಷ್ಟು ಕಥೆ. ಆದರೆ ಕಾಕಾ ಪ್ರತಿ ರಜೆಯಲ್ಲೂ ಅದನ್ನು ಹೇಳುತ್ತಿದ್ದರು, ಪ್ರತಿ ಸಲವೂ ಅಲ್ಲಿಯ ಚಳಿ ಎರಡು ಡಿಗ್ರಿ ಇಳಿಯುತ್ತಿತ್ತು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಮಲ್ಹೋತ್ರಾ ಸಾಹೇಬರು ಜೀವಂತ ಇರುವುದೇ ಸಾಧ್ಯವಿಲ್ಲದಷ್ಟು ಚಳಿ ಬಿದ್ದಿತ್ತು.

ಈ ಕಥೆಯಿಂದಲೇ ಕಾಕಾನ ಮದುವೆಯಾದದ್ದು. ಹುಬ್ಬಳ್ಳಿಗೆ ಹೆಣ್ಣು ನೋಡಲು ಹೋದಾಗ ಏಪ್ರಿಲ್ ತಿಂಗಳು. ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲು. ಕಾಕಾ ಜಾಕೀಟು ಹಾಕಿಕೊಂಡು, ಚೈನು ಕೊರಳತನಕ ಎಳೆದುಕೊಂಡು ಹೋಗಿ ಕೂತರು. ಹೆಣ್ಣಿನ ತಂದೆ ಬದಿಗೆ ಕರೆದು, "ಹುಡುಗಗ ಥಂಡಿಜ್ವರ ಬಂದದೇನ್ರಿ?" ಎಂದು ನನ್ನ ಅಜ್ಜನನ್ನು ಕೇಳಿದರಂತೆ. ಆದರೆ ಹೆಣ್ಣು, ಅಂದರೆ ನಮ್ಮ ಕಾಕೂ, ಬಾಗಿಲ ಮರೆಯಲ್ಲಿ ನಿಂತು ಮಲ್ಹೋತ್ರಾ ಸಾಹೇಬರ ಕಥೆ ಪೂರ್ತಿ ಕೇಳಿಸಿಕೊಂಡು, "ಆಗಲಿ" ಎಂದಳಂತೆ. ಮುಂದೆ ಕಾಕಾ ಏರ್‌ಫೋರ್ಸ್ ಬಿಟ್ಟು ಔರಂಗಾಬಾದಿನ ಒಂದು ಕಾರ್ಖಾನೆಗೆ ಸೇರಿದರು, ಅಲ್ಲೇ ಮನೆ ಕಟ್ಟಿದರು. ಈಗ ಆ ಊರನ್ನು ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ನನ್ನ ನಾಲಿಗೆ ಇನ್ನೂ ತಡವರಿಸುತ್ತದೆ. ಊರಿನ ಹೆಸರು ಬದಲಾದರೂ ಕಾಕಾನ ಕಥೆಯ ಒಂದು ಅಕ್ಷರ ಬದಲಾಗಲಿಲ್ಲ, ಚಳಿಯೊಂದನ್ನು ಬಿಟ್ಟು.

ನನಗೆ ನಾಸಿಕದ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಕಾಕಾ ಜಾಕೀಟನ್ನು ನನಗೆ ಕೊಟ್ಟರು. "ವಿಮಾನದ ಮನಿಗೆ ಹೊಂಟಿ, ವಿಮಾನದ ಅರಿವಿ ಹಾಕ್ಕೊಂಡು ಹೋಗು" ಎಂದರು. ಕಡೆಗೂ ನನ್ನ ಎರಡೂ ಕೈಗಳು ಆ ಎರಡೂ ತೋಳಿನೊಳಗೆ ಹೋದವು, ಮೊದಲನೇ ನಂಬರು ಬಾರದಿದ್ದರೂ. ನಾಸಿಕದ ಚಳಿ ಗೊತ್ತಿಲ್ಲದವರಿಗೆ ಒಂದು ಮಾತು: ಡಿಸೆಂಬರಿನಲ್ಲಿ ನಿಫಾಡದ ಕಡೆ ದ್ರಾಕ್ಷಿ ತೋಟದವರು ಬೆಳಗಿನ ಜಾವ ಬಳ್ಳಿಗಳ ನಡುವೆ ಬೆಂಕಿ ಹಾಕಿ ಕಾಯಿಗಳಿಗೆ ಕಾವು ಕೊಡುತ್ತಾರೆ. ಗಿಡಕ್ಕೇ ಬೆಂಕಿ ಕಾಯಿಸುವ ಊರಿನಲ್ಲಿ ಸ್ಕೂಟರ್ ಓಡಿಸುವ ಮನುಷ್ಯನ ಪಾಡು ಕೇಳಬೇಡಿ. ಏಳೆಂಟು ಚಳಿಗಾಲ ಆ ಜಾಕೀಟು ನನ್ನನ್ನು ಕಾಯಿತು. ಆಮೇಲೆ ಚೈನಿನ ಹಲ್ಲು ಉದುರಿತು, ಒಳಗಿನ ಅಸ್ತರು ಅಲ್ಲಲ್ಲಿ ಹಿಸಿಯಿತು, ಅದು ಕಪಾಟು ಸೇರಿತು. ನನ್ನ ಹೆಂಡತಿ ಆ ಕಪಾಟು ತೆರೆಯುವಾಗಲೆಲ್ಲ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಅವಳಿಗೆ ಆಕಾಶದ ವಾಸನೆ ಒಗ್ಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕಾಕಾನ ಮಗ ಗಿರೀಶನ ಫೋನು ಬಂತು. ಗಿರೀಶ ಔರಂಗಾಬಾದಿನಲ್ಲೇ, ವಾಳೂಜಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರು. ಹುಟ್ಟಿದಾಗಿನಿಂದ ಮಲ್ಹೋತ್ರಾ ಸಾಹೇಬರನ್ನು ಕೇಳಿ ಕೇಳಿ ಬೇಸತ್ತವನು. "ನಮ್ಮಪ್ಪ ಎಲ್ಲೋ ಸಂತ್ಯಾಗ ಕೊಂಡು ತಂದಾರ, ಸಾಹೇಬರೂ ಇಲ್ಲ, ಗೀಹೇಬರೂ ಇಲ್ಲ" ಎಂದು ಅಪ್ಪನ ಎದುರಿಗೇ ಅನ್ನುವಷ್ಟು ಸಲಿಗೆ. ಅವನು ಹೇಳಿದ್ದು ಇಷ್ಟು: ಊರಿನಲ್ಲಿ ಒಬ್ಬ ದೇಶಮುಖ ಸರ್ ಇದ್ದಾರೆ, ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ಹಳೆಯ ಸೈನ್ಯದ ವಸ್ತುಗಳ ದೊಡ್ಡ ಸಂಗ್ರಾಹಕರು. ಪೈಲಟ್‌ಗಳು ಜಾಕೀಟಿನ ಒಳಗಡೆ, ಕಾಲರಿನ ಕೆಳಗೆ, ಶಾಯಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರಂತೆ. ಅದು ಸಿಕ್ಕರೆ ಕಾಕಾನ ಕಥೆ ನಿಜವೆಂದು ಸಾಬೀತು. ಆಗ ಜಾಕೀಟನ್ನು ಕಾಕಾನ ಫೋಟೋದ ಜೊತೆ ತಮ್ಮ ಪ್ರದರ್ಶನದಲ್ಲಿ ಇಡುತ್ತಾರಂತೆ.

"ಈ ರವಿವಾರ ಬಿಟ್ಟು ಮುಂದಿನ ರವಿವಾರ ಮನಿಗೆ ಬರ್ತಾರ. ಪೈಠಣದಿಂದ ನಮ್ಮ ಬೀಗರೂ ಬರೂವರಿದ್ದಾರ. ಒಮ್ಮೆ ಎಲ್ಲಾರ ಮುಂದ ಖಾತ್ರಿ ಆಗಿಬಿಡಲಿ, ಅಪ್ಪ ಖರೇನೋ, ಮಲ್ಹೋತ್ರಾ ಖರೇನೋ. ನೀ ಜಾಕೀಟು ಛಲೋ ಮಾಡಿ ತಗೊಂಡು ಬಾ, ಸೀನಣ್ಣಾ" ಎಂದ.

ಕಾಕಾನಿಗೂ ಫೋನು ಕೊಡು ಎಂದೆ. ಕಾಕಾ, "ಬಾ" ಎಂದರು. ಅಷ್ಟೇ. ಯಾವಾಗಲೂ ಫೋನು ಇಡಲು ಒಪ್ಪದ ಮನುಷ್ಯ ಒಂದೇ ಅಕ್ಷರಕ್ಕೆ ನಿಲ್ಲಿಸಿದರಲ್ಲ, ಅಷ್ಟು ಸಂತೋಷವಾಗಿರಬೇಕು ಎಂದುಕೊಂಡೆ. ನನ್ನ ಕಣ್ಣೂ ತುಂಬಿ ಬಂತು. ನಮ್ಮ ಕಾಕಾನನ್ನು ಇಡೀ ಬಳಗ ಗೌರವದಿಂದ ನೋಡುವ ದಿನ ಬಂತು, ಅದಕ್ಕೆ ನಾನು ಏನಾದರೂ ಮಾಡಲೇಬೇಕು ಎಂಬ ಹುರುಪು ಹತ್ತಿತು. ಎಲ್ಲ ಅನಾಹುತಗಳೂ ಹೀಗೆ ಹುರುಪಿನಿಂದಲೇ ಶುರುವಾಗುತ್ತವೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು. ನಾನಿದ್ದದ್ದು ಓವರ್‌ಹಾಲ್ ವಿಭಾಗದಲ್ಲಿ. ಹಾರಿ ಹಾರಿ ದಣಿದ ವಿಮಾನದ ಭಾಗಗಳು ನಮ್ಮಲ್ಲಿಗೆ ಬರುತ್ತವೆ. ನಾವು ಬಿಚ್ಚುತ್ತೇವೆ, ತೊಳೆಯುತ್ತೇವೆ, ಸವೆದದ್ದನ್ನು ಕಿತ್ತು ಹೊಸದು ಹಾಕುತ್ತೇವೆ. ಹೊರಗೆ ಹೋಗುವಾಗ ಅದು ಹೊಸದರಂತಿರಬೇಕು. ಹಳೆಯದರ ಗುರುತು ಉಳಿದರೆ ಅದು ನಮ್ಮ ಅವಮಾನ. ನಮ್ಮಲ್ಲಿ ಎರಡು ನಿಯಮಗಳು ವೇದವಾಕ್ಯ. ಒಂದು, ಬಿಚ್ಚುವ ಮೊದಲು ಎಲ್ಲ ನಂಬರು, ಗುರುತು ನೋಡಿ ಬರೆದುಕೊಳ್ಳಬೇಕು, ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಬಾರದು. ಎರಡು, ಕಿತ್ತ ಹಳೆಯ ಭಾಗವನ್ನು ಹಾಗೇ ಎಸೆಯಬಾರದು. ಯಾರಾದರೂ ಎತ್ತಿ ಮತ್ತೆ ವಿಮಾನಕ್ಕೆ ಹಾಕಿಯಾರು ಎಂದು ಅದನ್ನು ತುಂಡು ತುಂಡು ಮಾಡಿ ಕೆಡಿಸಿಯೇ ಗುಜರಿಗೆ ಹಾಕಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕೈಗೆ ಒಂದು ಮುದಿ ಜಾಕೀಟು ಕೊಟ್ಟು "ಛಲೋ ಮಾಡಿ ತಗೊಂಡು ಬಾ" ಎಂದರೆ ಅದು ಇನ್ನೇನು ಮಾಡೀತು?

ರವಿವಾರಕ್ಕೆ ಒಂದು ವಾರ ಮೊದಲಿನ ರವಿವಾರ ವರಾಂಡದಲ್ಲಿ ಪೇಪರು ಹಾಸಿ ಕೂತೆ. ಮನೆಯ ಕೆಲಸಕ್ಕೆ ಯಾವ ಬರವಣಿಗೆ ಎಂದು ಮೊದಲನೆಯ ನಿಯಮವನ್ನು ಬಿಟ್ಟೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನಲವತ್ತು ವರ್ಷದ ಜಿಡ್ಡು ತೆಗೆದೆ. ಎಡತೋಳಿನ ಆ ಎಣ್ಣೆ ಕಲೆ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಜಗಳವಾಡಿ ಕಡೆಗೆ ಸೋತಿತು. ಮೊಣಕೈಯ ಸುಕ್ಕುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆದೆ. ಬಣ್ಣ ಬೇರೆ ಬೇರೆ ಕಡೆ ಬೇರೆ ಬೇರೆಯಾಗಿತ್ತಲ್ಲ, ಅದಕ್ಕೆ ಎರಡು ಡಬ್ಬಿ ಕರಿಯ ಬೂಟ್ ಪಾಲಿಶು ಹಚ್ಚಿ ಒಂದೇ ಸಮ ಮಾಡಿದೆ. ಕಂದು ಜಾಕೀಟು ನನ್ನ ಸ್ಕೂಟರಿನ ಟಾಯರಿನಂತೆ ಕರ್ರಗೆ ಹೊಳೆಯತೊಡಗಿತು. ಅಸ್ತರು ಬಿಚ್ಚಿದೆ. ಕಾಲರಿನ ಕೆಳಗೆ ಯಾರೋ ಅಂಗೈಯಗಲದ ಒಂದು ತೇಪೆಯನ್ನು ಬಹಳ ಅಚ್ಚುಕಟ್ಟಾಗಿ ಕೈಹೊಲಿಗೆಯಲ್ಲಿ ಹಚ್ಚಿದ್ದರು. ಅದನ್ನೂ ಸೇರಿಸಿ ಇಡೀ ಅಸ್ತರನ್ನು, ಎರಡನೆಯ ನಿಯಮದ ಪ್ರಕಾರ, ಕತ್ತರಿಯಿಂದ ಬೆರಳುದ್ದದ ಚೂರುಗಳನ್ನಾಗಿ ಮಾಡಿ ಕಸದ ಗಾಡಿಗೆ ಹಾಕಿದೆ. ಹಿತ್ತಾಳೆಯ ಚೈನನ್ನು ಸುತ್ತಿಗೆಯಿಂದ ಜಜ್ಜಿದೆ, ಪಾಪ, ಯಾರಾದರೂ ಅದನ್ನು ಯುದ್ಧವಿಮಾನಕ್ಕೆ ಹಾಕಿಬಿಟ್ಟರೆ! ನಾಸಿಕದ ಅಂಬಡದಲ್ಲಿ ಕಾರಿನ ಸೀಟ್ ಕವರು ಹೊಲಿಯುವ ಗೆಳೆಯನೊಬ್ಬನಿದ್ದ. ಚರ್ಮ ಹೊಲಿಯುವ ಮಶೀನು ಅವನಲ್ಲೇ ಇದ್ದದ್ದು. ಅವನಿಂದ ಹೊಸ ನೈಲಾನ್ ಚೈನು ಮತ್ತು ಹೊಸ ಅಸ್ತರು ಹಾಕಿಸಿದೆ. ಅಸ್ತರಿಗೆ ಅವನಲ್ಲಿ ಇದ್ದದ್ದು ಸೀಟಿನ ಬಟ್ಟೆಯೇ, ಕೆಂಪು ಬಣ್ಣದ ಮೇಲೆ ಹಳದಿ ಚೌಕಳಿ.

ಬಸ್ಸಿನಲ್ಲಿ ಯೇವಲಾ, ವೈಜಾಪುರ ದಾಟಿ ಔರಂಗಾಬಾದ್ ಮುಟ್ಟುವವರೆಗೂ ಆ ಗಂಟನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡಿದ್ದೆ.

ಮನೆಯಲ್ಲಿ ಹಬ್ಬದ ಕಳೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪೈಠಣದ ಬೀಗರು ಸೋಫಾ ತುಂಬಿದ್ದರು. ಅಡಿಗೆಮನೆಯ ಬಾಗಿಲಲ್ಲಿ ಕಾಕೂ. ದೇಶಮುಖ ಸರ್ ತೆಳ್ಳಗಿನ, ಮೆದುಮಾತಿನ ಮನುಷ್ಯ. ಚೀಲದಿಂದ ಒಂದು ಭೂತಗನ್ನಡಿ ತೆಗೆದಿಟ್ಟರು, ಆಮೇಲೆ ಬೆಳ್ಳಗಿನ ಹತ್ತಿಯ ಕೈಗವಸು ಹಾಕಿಕೊಂಡರು. ಕೈಯ ಬೆವರು ಹಳೆಯ ಚರ್ಮಕ್ಕೆ ತಾಗಬಾರದಂತೆ. ಆ ಕೈಗವಸು ನೋಡಿಯೇ ನನಗೆ ಮೊದಲ ಸಲ ಸ್ವಲ್ಪ ಅಳುಕಾಯಿತು.

ಗಂಟು ಬಿಚ್ಚಿದೆ. ಜಾಕೀಟು ಮಿಂಚಿತು.

ದೇಶಮುಖ ಸರ್ ಎರಡು ಬೆರಳಿನಿಂದ ತೋಳನ್ನು ಮುಟ್ಟಿದರು. ಬಿಳಿ ಕೈಗವಸಿನ ತುದಿ ಕರ್ರಗಾಯಿತು. ಅದನ್ನು ನೋಡಿದರು. ಮತ್ತೆ ಮುಟ್ಟಿದರು, ಇಡೀ ಅಂಗೈ ಕರ್ರಗಾಯಿತು. "ಅರೇ ದೇವಾ" ಎಂದರು. ಚೈನು ನೋಡಿದರು. ಒಳಗೆ ತಿರುಗಿಸಿ ಹಳದಿ ಚೌಕಳಿ ನೋಡಿದರು. "ಹೇ ಕಾಯ್ ಕೇಲಂತ್ ತುಮ್ಹೀ?" ಎಂದು ಕೇಳಿದರು. ಏನು ಮಾಡಿಬಿಟ್ಟಿರಿ ನೀವು, ಎಂದು. ಆ ದನಿಯಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸತ್ತವರ ಮನೆಯಲ್ಲಿ ಕೇಳುವ ದನಿ ಅದು.

"ಓವರ್‌ಹಾಲ್ ಮಾಡೀನ್ರಿ, ಸರ್" ಎಂದೆ. ಇನ್ನೂ ನನಗೆ ಶಹಬ್ಬಾಸ್‌ಗಿರಿಯ ಆಸೆ ಪೂರ್ತಿ ಬಿಟ್ಟಿರಲಿಲ್ಲ ನೋಡಿ.

ಅವರು ಕುರ್ಚಿಯಲ್ಲಿ ಕೂತು, ಮರಾಠಿಯಲ್ಲಿ, ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದರು. ಹೊಸ ಜಾಕೀಟನ್ನು ಯಾರು ಬೇಕಾದರೂ ಕೊಳ್ಳಬಹುದು. ನಮ್ಮಂಥವರು ಹುಡುಕುವುದು ಸವೆತವನ್ನು. ಬಲಗಡೆಯ ಮೊಣಕೈ ಹೆಚ್ಚು ಸವೆದಿದ್ದರೆ ಆತ ಯಾವ ಕೈ ಊರಿ ಕೂರುತ್ತಿದ್ದ ಎಂದು ತಿಳಿಯುತ್ತದೆ. ಜೇಬಿನ ಅಂಚಿನ ಬಣ್ಣ ಹಾರಿದ್ದರೆ ಚಳಿಯಲ್ಲಿ ಕೈ ಎಲ್ಲಿ ಇಡುತ್ತಿದ್ದ ಎಂದು ತಿಳಿಯುತ್ತದೆ. ಆ ಮನುಷ್ಯ ಎಂದೋ ಹೋಗಿರುತ್ತಾನೆ, ಅವನು ತೋಳು ಮಡಚುತ್ತಿದ್ದ ರೀತಿ ಮಾತ್ರ ಚರ್ಮದಲ್ಲಿ ಉಳಿದಿರುತ್ತದೆ. ಮೂಲ ಚೈನು, ಮೂಲ ಅಸ್ತರು, ಒಳಗಿನ ಚೀಟಿ, ಶಾಯಿಯ ಅಕ್ಷರ, ಒಂದು ಎಣ್ಣೆ ಕಲೆ, ಇವುಗಳಿಗಾಗಿ ಜನ ದೇಶ ದೇಶ ಸುತ್ತುತ್ತಾರೆ. ನಾವು ಅದನ್ನು ತೊಳೆಯುವುದಿಲ್ಲ, ಧೂಳು ಸಹ ಮೆತ್ತಗೆ ಊದುತ್ತೇವೆ ಎಂದರು.

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಮೊಣಕೈಯ ಸುಕ್ಕಿಗೆ ನಾನು ಇಸ್ತ್ರಿ ಎಳೆದಿದ್ದೆನಲ್ಲ! ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ ಇರಬೇಕು.

"ಹಳೆಯ ಅಸ್ತರಾದರೂ ಇದೆಯೇ?" ಎಂದರು ಸರ್, ಕೊನೆಯ ಆಸೆಯಿಂದ.

"ಇಲ್ರಿ. ಚೂರು ಚೂರು ಮಾಡಿ ಒಗದೆ."

"ಚೂರು? ಯಾಕೆ?"

"ನಮ್ಮಲ್ಲೆ ಹಂಗs ಮಾಡೂದರಿ."

"ಬಿಚ್ಚುವ ಮೊದಲು ಒಳಗೆ ಹೆಸರು ನೋಡಿದಿರೇನು?"

ನಾನು ನಿಜ ಹೇಳಿದೆ. ಹೆಸರೂ ನೋಡಲಿಲ್ಲ, ಗುರುತೂ ನೋಡಲಿಲ್ಲ, ಬರೆದುಕೊಳ್ಳಲೂ ಇಲ್ಲ.

ಗಿರೀಶ ಚಪ್ಪಾಳೆ ತಟ್ಟಿ ನಕ್ಕ. "ಅಪ್ಪಾ, ನಿಮ್ಮ ಮಲ್ಹೋತ್ರಾ ಸಾಹೇಬರು ಕಡೀಕೂ ಬರಲೇ ಇಲ್ಲ ನೋಡ್ರಿ! ಇನ್ನ ಆ ಕತಿ ಬಿಟ್ಟುಬಿಡ್ರಿ" ಎಂದ. ಅವನ ನಗುವಿನಲ್ಲಿ ಕೆಟ್ಟತನವಿರಲಿಲ್ಲ, ಆದರೆ ಬೀಗರೂ ನಕ್ಕರು. ಬೀಗರು ನಕ್ಕಾಗ ನಗು ನಗುವಾಗಿ ಉಳಿಯುವುದಿಲ್ಲ. ಕಾಕಾ ತಮ್ಮ ಕಾಲಬೆರಳು ನೋಡುತ್ತಾ ಕೂತರು. ವಯಸ್ಸಾದ ಮುಖದ ಮೇಲೆ ಒಂದು ಪೆಚ್ಚು ನಗೆಯಿತ್ತು. ಆ ಮನುಷ್ಯನ ಒಂದೇ ಒಂದು ಕಥೆಯನ್ನು ನಾನು ನನ್ನ ಕೈಯಾರೆ ಕತ್ತರಿಸಿ ಕಸದ ಗಾಡಿಗೆ ಹಾಕಿದ್ದೆ. ಸಾಬೀತಾಗಬೇಕಾದ ದಿನ ಅವರು ಸುಳ್ಳರಾಗಿ ಕೂತಿದ್ದರು.

"ಸೀನೂ, ಒಳಗ ಬಾ. ಚಹಾದ ತಾಟು ಒಯ್ಯಿ" ಎಂದು ಕಾಕೂ ಕರೆದಳು.

ಬೈಸಿಕೊಳ್ಳಲು ತಲೆ ತಗ್ಗಿಸಿಕೊಂಡೇ ಹೋದೆ. ಕಾಕೂ ಬಾಗಿಲು ಮುಂದೆ ಮಾಡಿದಳು. ಡಬ್ಬಿಯಿಂದ ಒಂದು ಬೇಸನ್ ಉಂಡೆ ತೆಗೆದು ನನ್ನ ಬಾಯಿಗೆ ತುರುಕಿದಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಿನ್ನ ಉಪಕಾರ ನಾ ಸಾಯೂತನಕ ಮರಿಯೂದಿಲ್ಲಪಾ" ಎಂದಳು. "ತೇಪಿ ಬಿಚ್ಚಿ ಓದಿದ್ಯಲ್ಲ? ಓದೇ ಕತ್ತರಿಸಿದ್ಯಲ್ಲ?"

ಬಾಯಿ ತುಂಬ ಉಂಡೆ. "ಏನು ಓದೂದು ಕಾಕೂ?" ಎಂದು ಹೇಗೋ ಕೇಳಿದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳತೊಡಗಿದಳು. "ಲಗ್ನ ಆದ ವರ್ಷನs, ಬಿಸಲಿಗೆ ಹಾಕಿದಾಗ ನೋಡೀನಿ. ಕಾಲರಿನ ಕೆಳಗ ಆಗ್ರಾದ ಒಂದು ಹಳೇ ಮಾಲಿನ ಅಂಗಡಿ ಶಿಕ್ಕಾ ಒತ್ತಿತ್ತು, ಮಸಿಯೊಳಗ. ಮಿಲಿಟರಿಯವರು ಬ್ಯಾಡಾಗಿ ಮಾರಿದ ಅರಿವಿ ಮಾರೂ ಅಂಗಡಿ. ಕೆಳಗ ಹಿಂದಿಯೊಳಗ, ಒಮ್ಮೆ ಮಾರಿದ ಮಾಲು ಮರಳಿ ತಗೊಳ್ಳೂದಿಲ್ಲ ಅಂತ. ನಾ ಹಿಂದಿ ಪರೀಕ್ಷಾ ಪಾಸಾಗಿದ್ದೆ, ಓದಿದೆ. ನಾ ಓದೀನಿ ಅಂತ ಇವರಿಗೆ ಗೊತ್ತಿಲ್ಲ. ಹರದದ ಅಂತ ಹೇಳಿ ಅದರ ಮ್ಯಾಲೆ ಒಂದು ತೇಪಿ ಹಚ್ಚಿಬಿಟ್ಟೆ. ಇವತ್ತಿಗೆ ಮೂವತ್ತೈದು ವರ್ಷ ಆತು."

ಉಂಡೆ ಗಂಟಲಲ್ಲಿ ಹಾಗೇ ನಿಂತಿತು. ಮಲ್ಹೋತ್ರಾ ಸಾಹೇಬರು ಇಲ್ಲವೇ? ನಾನು ಒಂದೇ ತೋಳಿಗಾಗಿ ಎಷ್ಟು ವರ್ಷ ಸಾಲಿನಲ್ಲಿ ನಿಂತಿದ್ದೆನಲ್ಲ, ಅದು ಆಗ್ರಾದ ಸಂತೆಯ ಮಾಲೇ?

"ಗಿರ್ಯಾ ಈ ಸರ್‌ನ ಕರಸ್ತೀನಿ ಅಂದಾಗಿಂದ ನನಗ ನಿದ್ದಿ ಇಲ್ಲ" ಎಂದಳು ಕಾಕೂ. "ಭೂತಗನ್ನಡಿ ಹಿಡಿದು ತೇಪಿ ಬಿಚ್ಚಿದರ ಇವರ ಮಾರಿ ಏನಾಗಬೇಕು, ಬೀಗರ ಮುಂದ? ನೀ ಅದನ್ನ ಬಸ್ಸಿನ್ಯಾಗs ಮರತು ಬರ್ಲಿ ಅಂತ ಹನುಮಪ್ಪಗ ಹರಕಿ ಹೊತ್ತಿದ್ದೆ."

"ನಿಮಗ ಸಿಟ್ಟು ಬರಲಿಲ್ಲೇನು ಕಾಕೂ, ಆಗ?"

"ಬಂತು. ಒಂದು ಎರಡು ದಿನ. ಆಮ್ಯಾಲೆ ಅನಿಸಿತು, ಪಾಪ, ನನ್ನ ಮುಂದ ಬಂದು ಕೂಡ್ಲಿಕ್ಕೆ ಆ ಮನಷ್ಯಾಗ ಎಷ್ಟು ಅಂಜಿಕಿ ಇದ್ದೀತು, ಅಂಥಾ ಬಿಸಲಾಗ ಚರ್ಮ ತೊಟ್ಟು ಬಂದ್ರಲ್ಲ ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ನೋಡು, ಆ ಶಿಕ್ಕಾನೂ ಹೋತು. ಆದರ ಹೊರಗ ಅವರು ಹೆಂಗ ಕೂತಾರ ನೋಡಿದ್ಯಾ? ಅದೊಂದು ನೋಡ್ಲಿಕ್ಕೆ ಆಗವಲ್ದು."

ಚಹಾದ ತಾಟು ಹಿಡಿದು ಹೊರಗೆ ಬಂದೆ. ಬೀಗರು ಬೇರೆ ಮಾತಿಗೆ ಹೋಗಿದ್ದರು, ದೇಶಮುಖ ಸರ್ ಕರ್ರಗಾದ ಕೈಗವಸು ಕಳಚಿ ಚೀಲಕ್ಕೆ ಹಾಕುತ್ತಿದ್ದರು. ಕಾಕಾ ಇನ್ನೂ ಕಾಲಬೆರಳನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ನಾನು ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕಿದವನಲ್ಲ. ಅದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ಒಬ್ಬನ ಸುಳ್ಳು ಸಹಿಗೆ ಇನ್ನೊಬ್ಬನ ಜೀವ ಹೋಗುತ್ತದೆ.

"ಸರ್," ಎಂದೆ, ಮರಾಠಿಯಲ್ಲೇ, ಬೀಗರಿಗೂ ಕೇಳಲಿ ಎಂದು ಗಟ್ಟಿಯಾಗಿ. "ಆಗ ನಾನು ಸುಳ್ಳು ಹೇಳಿದೆ. ಒಳಗೆ ಹೆಸರಿತ್ತು. ನೀಲಿ ಶಾಯಿಯಲ್ಲಿ, ಇಂಗ್ಲಿಷಿನಲ್ಲಿ. ಆರ್. ಮಲ್ಹೋತ್ರಾ. ಅದನ್ನು ಓದಿಯೂ ಕತ್ತರಿಸಿದೆ ಅಂದರೆ ನೀವೆಲ್ಲ ನನ್ನನ್ನು ಹೊಡೆದೇ ಬಿಡುತ್ತೀರಿ ಎಂದು ಹೆದರಿ ಇಲ್ಲ ಎಂದೆ."

ಗಿರೀಶನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ದೇಶಮುಖ ಸರ್ ಎರಡೂ ಕೈಯಿಂದ ಹಣೆ ಹಿಡಿದುಕೊಂಡು, "ಹೆಸರಿತ್ತು! ಹೆಸರನ್ನೂ ಕತ್ತರಿಸಿದ!" ಎಂದು ಮೂರು ಸಲ ಅಂದರು. ವಸ್ತುವೇ ಹಾಳಾದ ಮೇಲೆ ಪ್ರದರ್ಶನದಲ್ಲಿ ಇಡಲು ಬರುವುದಿಲ್ಲ ಎಂದರು, ಆದರೆ ಎದ್ದು ಹೋಗಿ ಕಾಕಾನ ಕೈ ಹಿಡಿದು ಕುಲುಕಿದರು. ಬೀಗರಲ್ಲಿ ಹಿರಿಯರು ಸೋಫಾದಲ್ಲಿ ಸರಿದು, "ಇಕ್ಡೇ ಬಸಾ" ಎಂದು ಕಾಕಾನಿಗೆ ಪಕ್ಕದಲ್ಲಿ ಜಾಗ ಮಾಡಿದರು. ಆ ಬೆಳಗಿನ ಬಕೀಟಿನ ನೀರು ನಿಜವಾಗಿಯೂ ಕಲ್ಲಾಗಿತ್ತೇ ಎಂದು ಕೇಳಿದರು. ನನ್ನನ್ನು ಮಾತ್ರ ಎಲ್ಲರೂ, ಕಸಾಯಿಯನ್ನು ನೋಡುವಂತೆ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ಕಾಕೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಕಾಕಾ ಚಹಾದ ಬಸಿಯನ್ನು ತುಟಿಯ ಹತ್ತಿರ ತಂದವರು ಅಲ್ಲೇ ನಿಲ್ಲಿಸಿ, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಬೀಗರು ಅಷ್ಟು ಕೇಳಿದರೂ ಅಂದು ಅವರು ಕಥೆ ಹೇಳಲಿಲ್ಲ.

ಸಂಜೆಯ ಬಸ್ಸಿಗೆ ಕಾಕಾ ನನ್ನನ್ನು ಬಿಡಲು ಬಂದರು. ಬೇಡವೆಂದರೂ ಕೇಳಲಿಲ್ಲ. ಬಸ್ ನಿಲ್ದಾಣದ ಗದ್ದಲದಲ್ಲಿ ಇಬ್ಬರೂ ಬಸ್ಸು ಕಾಯುತ್ತ ನಿಂತಿದ್ದೆವು. ನಾಸಿಕದ ಬಸ್ಸು ಬಂದು ನಿಂತಿತು. ನಾನು ಕಾಲಿಗೆ ಬಗ್ಗಿದಾಗ ಅವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು.

"ಹೆಸರು ಎಲ್ಲಿತ್ತೋ ಅಲ್ಲೆ, ಹುಚ್ಚಾ" ಎಂದರು. "ಅಂಗಡಿ ಶಿಕ್ಕಾ ಇತ್ತು. ನೀ ನೋಡೇ ಕತ್ತರಿಸಿದಿ, ನನಗ ಗೊತ್ತದ."

ಇಲ್ಲವೆನ್ನಲೇ, ಹೌದೆನ್ನಲೇ? ಕಂಡಕ್ಟರು ಬಾಗಿಲು ಬಡಿದು ಸಿನ್ನರ್ ಕಡೆಯವರು ಹತ್ತಬೇಡಿ, ಇದು ಆ ದಾರಿಗೆ ಹೋಗುವುದಿಲ್ಲ ಎಂದು ಕೂಗುತ್ತಿದ್ದ. ಕಾಕಾ ನನ್ನನ್ನು ಮೆಟ್ಟಿಲ ಮೇಲೆ ಹತ್ತಿಸಿದರು, ಕೈ ಮಾತ್ರ ಬಿಡಲಿಲ್ಲ. ಕತ್ತು ಚಾಚಿ, ಸುತ್ತ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದರು.

"ಒಂದು ಮಾತು ನಡಸಿಕೊಡೋ ಸೀನೂ. ನಿನ್ನ ಕಾಕೂಗ ಮಾತ್ರ ಹೇಳಬ್ಯಾಡ. ಮೂವತ್ತೈದು ವರ್ಷದಿಂದ ಭಾಳ ನಂಬ್ಯಾಳ ಆಕಿ."

ಹೇಳುವುದಿಲ್ಲ ಎಂದು ಅವರ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟೆ.